ನಡುಗಡ್ಡೆಯಲ್ಲಿ ಒಂದು ಸಬ್ಬತ್ತು

ಹೋಲ್ಡ್‌ಫಾಸ್ಟ್ ಊರಿನ ಸಭಾಮನೆಯಲ್ಲಿ ಹೆಂಗಸರು ಬಾಯಿ ಬಿಡುವ ಪದ್ಧತಿ ಇರಲಿಲ್ಲ. ಆದ್ದರಿಂದ ಜೆರೂಷಾ ಕೆಮ್ಮಿದಳು.

ಮೊದಲ ಸಲ ಯಾರೂ ತಿರುಗಿ ನೋಡಲಿಲ್ಲ. ಗಂಡಸರೆಲ್ಲ ಊರಿನ ಕಣಜದ ಚಿಂತೆಯಲ್ಲಿ ಮುಳುಗಿದ್ದರು. ಸಮುದ್ರ ದಾಟಿ ಈ ಹೊಸ ಇಂಗ್ಲೆಂಡಿಗೆ ಬಂದು ಕೆಲವು ಚಳಿಗಾಲಗಳೇ ಕಳೆದಿದ್ದರೂ ಕಾಳು ತುಂಬಿಡುವುದರಲ್ಲಿ ಅವರು ಹಳೆಯ ಇಂಗ್ಲೆಂಡಿನ ರೂಢಿಯನ್ನು ಬಿಟ್ಟಿರಲಿಲ್ಲ. ಸರಿಯಾಗಿ ಒಣಗದ ಮುಸುಕಿನ ಜೋಳವನ್ನು ಬಿಡಿಸಿ, ಗೋಧಿ ತುಂಬಿದ ಹಾಗೆ ಮರದ ಕಣಜಕ್ಕೆ ಸುರಿದು ಬಾಗಿಲು ಜಡಿದಿದ್ದರು. ಚಳಿಗಾಲದ ಕೊನೆಗೆ ಬಾಗಿಲು ತೆಗೆದರೆ ಒಳಗಿನಿಂದ ಬಿಸಿ ಹಬೆ ಬಂತು. ಕೈ ಹಾಕಿದರೆ ಹಸಿರು ಬೂಷ್ಟು ಹಿಡಿದ ಹೆಂಟೆ. ತಿನ್ನುವ ಕಾಳೂ ಹೋಯಿತು, ಬಿತ್ತುವ ಬೀಜವೂ ಹೋಯಿತು. ಈಗ ಊರು ಓಕ್ ಮರದ ಕಾಯಿಯನ್ನು ನೆನೆಹಾಕಿ, ಕುಟ್ಟಿ, ಕಹಿ ಗಂಜಿ ಕಾಯಿಸುತ್ತಿತ್ತು.

ಹೆಂಗಸರ ಬೆಂಚಿನಲ್ಲಿ ಜೆರೂಷಾಳ ಪಕ್ಕ ಅವಳ ಮಗಳು ಮೆಹಿಟಬೆಲ್ ಕೂತಿದ್ದಳು. ಮಡಿಲಲ್ಲಿ ಹಸುಗೂಸು. ತಾಯಿಯ ಎದೆಹಾಲು ಬತ್ತುತ್ತ ಬಂದಿತ್ತು. ಸಭೆಯಲ್ಲಿ ಮಕ್ಕಳು ಅತ್ತರೆ, ನರಿಬಾಲ ಕಟ್ಟಿದ ಕೋಲು ಹಿಡಿದ ಕಾವಲಿನ ಪಿಮ್ ಬಂದು ತಾಯಿಯ ಭುಜ ಸವರಿ ಹೊರಗೆ ಹೋಗೆಂದು ಸನ್ನೆ ಮಾಡುವುದು ವಾಡಿಕೆ. ಈ ಕೂಸು ಅಳುತ್ತಿರಲಿಲ್ಲ. ಅಳುವುದಕ್ಕೂ ಅದರಲ್ಲಿ ಕಸುವಿರಲಿಲ್ಲ. ಪಿಮ್ ಆ ಬೆಂಚಿನ ಬಳಿ ಬಂದಾಗಲೆಲ್ಲ ಒಂದಿಷ್ಟು ನಿಂತು, ಈಗಲಾದರೂ ಅಳಬಾರದೇ ಎಂಬಂತೆ ಕಿವಿಗೊಡುವುದನ್ನು ಜೆರೂಷಾ ಗಮನಿಸಿದ್ದಳು.

"ಮೇಲ್ದಂಡೆಯ ಕಾಡುಜನರ ಹತ್ರ ಜೋಳ ಇದೆ. ನಾಲ್ಕು ಜನ ಗಟ್ಟಿ ಗಂಡಸರು ಹೋಗಿ ತರ್ಲಿ," ಎಂದರು ಯಾರೋ.

ಜೆರೂಷಾ ಇನ್ನೊಮ್ಮೆ, ಈ ಸಲ ಗೋಡೆ ಅದುರುವ ಹಾಗೆ ಕೆಮ್ಮಿದಳು.

ಸಭೆಯ ಹಿರಿಯರಾದ ಎಲ್ಕಾನಾ ತಲೆಯೆತ್ತಿದರು. ಬಿಳಿಗಡ್ಡದ, ಕಟ್ಟುನಿಟ್ಟಿನ ಮನುಷ್ಯ. ಆದರೆ ಕಣ್ಣಿನ ಮೂಲೆಯಲ್ಲಿ ಎಲ್ಲೋ ಒಂದು ನಗು ಉಳಿದಿತ್ತು. "ಏನಮ್ಮ, ಅದು ನೆಗಡಿಯೋ, ಮಾತೋ?"

ಜೆರೂಷಾ ಎದ್ದು ಹೊಸ್ತಿಲಾಚೆ ಹೋಗಿ ನಿಂತಳು. ಹೊರಗೆ ನಿಂತು ಮಾತಾಡಿದರೆ ಪದ್ಧತಿ ಮುರಿದಂತಾಗುವುದಿಲ್ಲ. ಸಭೆಯೇ ಬಾಗಿಲ ಕಡೆ ವಾಲಿತು.

"ಹಿರಿಯರೇ, ಆ ಜನರಲ್ಲಿ ಹೊಲ ಹೆಂಗಸರದು, ಜೋಳ ಹೂತಿಡೋ ಹಗೇವು ಹೆಂಗಸರದು. ನಮ್ಮ ಗಂಡಸರು ಹೋಗಿ ಅವರ ಗಂಡಸರ ಜತೆ ಕೂತು ಬೇಟೆ ಮಾತಾಡಿ, ತಂಬಾಕು ಸೇದಿ ಬರ್ಬೋದು. ಒಂದು ಕಾಳೂ ಸಿಗಲ್ಲ."

"ಮತ್ತೆ?"

"ನನ್ನ ಯಜಮಾನ್ರು ತೊಗಲಿನ ವ್ಯಾಪಾರಕ್ಕೆ ಅಲ್ಲಿ ಗುಡಿಸಲು ಹಾಕಿದ್ದಾಗ ಅವರ ಮಾತು ಕಲಿತೆ. ನಾನು ಹೋಗ್ತೀನಿ."

ಒಳಗೆ ಗುಜುಗುಜು ಎದ್ದಿತು. ಎಲ್ಕಾನಾ ಕೈಯೆತ್ತಿ ತಡೆದರು. "ಹೊರೆ ಎಳೆಯೋಕೆ ನನ್ನ ಚುಕ್ಕಿ ಬರ್ತಾನೆ. ಚುಕ್ಕಿ ಬಂದ್ರೆ ನಾನೂ ಬರ್ಬೇಕು. ನನ್ನ ದನಿ ಇಲ್ಲದೆ ಅವನು ಕಾಲು ಕೀಳಲ್ಲ."

ಚುಕ್ಕಿ ಅವರ ಎತ್ತು. ಕೆಂಪು ಮೈ, ಹಣೆಯಲ್ಲಿ ಬಿಳಿ ಚುಕ್ಕೆ. ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಉಸಿರಾಡುವ ಜೀವವೆಂದರೆ ಅದೊಂದೇ.

ಮೂರನೆಯವನು ಬರ್ಜಿಲ್ಲೈ. ಗರಗಸದ ಕೆಲಸದವ, ತೊಲೆಯಂಥ ತೋಳು, ಸಭೆಗೆ ಸೇರದ ಪೋಕರಿ. "ಒಬ್ರು ಪ್ರಾರ್ಥನೆ ಮಾಡೋಕೆ, ಒಬ್ರು ಮಾತಾಡೋಕೆ. ಕೆಲಸ ಮಾಡೋಕೂ ಒಬ್ಬ ಬೇಡ್ವಾ?" ಎಂದು ತಾನಾಗಿಯೇ ಹೊರಟ.

ಹೊರಡುವ ಮುಂಜಾನೆ ಜೆರೂಷಾ ಕೂಸಿನ ಹಣೆಗೆ ತುಟಿ ಒತ್ತಿದಳು. ಹಣೆ ತಣ್ಣಗಿತ್ತು. "ಬೇಗ ಬಾಮ್ಮ," ಎಂದಳು ಮೆಹಿಟಬೆಲ್.

ಊರು ದಾಟುವಾಗ ಸಭಾಮನೆಯ ಗೋಡೆಗೆ ಮೊಳೆ ಹೊಡೆದಿದ್ದ ತೋಳದ ತಲೆಗಳು ಹಲ್ಲು ಕಿರಿದುಕೊಂಡು ಅವರನ್ನು ಬೀಳ್ಕೊಟ್ಟವು.

ದೊಡ್ಡ ನದಿ ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು. ಅದರ ಬೆನ್ನೇ ಅವರ ದಾರಿ. ಎರಡೂ ಕಡೆ ಕಾಡು ನೀರಿನವರೆಗೆ ಇಳಿದು ಬಂದು, ಕರಿಯ ಹೆಮ್ಲಾಕ್ ಮರಗಳು ಹಿಮದ ಭಾರಕ್ಕೆ ಕೈ ಇಳಿಬಿಟ್ಟು ನಿಂತಿದ್ದವು. ಹಕ್ಕಿಯ ಸದ್ದಿಲ್ಲ. ಚುಕ್ಕಿ ಎಳೆಯುತ್ತಿದ್ದ ಗಾಲಿಯಿಲ್ಲದ ಜಾರುಬಂಡಿಯ ಕಿರುಗುಟ್ಟುವಿಕೆ, ಎತ್ತಿನ ಉಸಿರು, ಆಗಾಗ ಹಿಮಗಡ್ಡೆಯಡಿಯಲ್ಲಿ ಎಲ್ಲೋ ದೂರದಿಂದ ಉರುಳಿ ಬಂದು ಕಾಲ ಕೆಳಗೇ ಹಾದುಹೋಗುವ ಗುಡುಗು. ಆ ಗುಡುಗು ಬಂದಾಗಲೆಲ್ಲ ಚುಕ್ಕಿ ಕಿವಿ ನಿಮಿರಿಸಿ ನಿಲ್ಲುತ್ತಿತ್ತು. ಎಲ್ಕಾನಾ ಮೆತ್ತಗೆ, "ಚುಕ್ಕಿ, ನಡಿ," ಎಂದರೆ ಮಾತ್ರ ಮತ್ತೆ ಹೆಜ್ಜೆ.

"ನನ್ನ ಅಜ್ಜಿಗಿಂತ ಹಟಮಾರಿ ಇದು," ಎಂದ ಬರ್ಜಿಲ್ಲೈ.

"ನಿನ್ನ ಅಜ್ಜಿಗೆ ನೀನು ಹೊಡೀತಿದ್ದೆ ಅನ್ಸುತ್ತೆ. ಅದಕ್ಕೇ ಮಾತು ಕೇಳ್ತಿರ್ಲಿಲ್ಲ," ಎಂದರು ಹಿರಿಯರು.

ಬರ್ಜಿಲ್ಲೈ ಮಾತಿನಲ್ಲಿ ಎಷ್ಟೇ ಒರಟಾದರೂ ದಿನವೆಲ್ಲ ಗಾಳಿ ಬೀಸುವ ಮಗ್ಗುಲಲ್ಲೇ ನಡೆಯುತ್ತಿದ್ದ. ಅವನ ದೊಡ್ಡ ಮೈಯ ಮರೆಯಲ್ಲಿ ಜೆರೂಷಾಳಿಗೆ ಚಳಿ ಅರ್ಧವಾಗುತ್ತಿತ್ತು. ಅವಳು ಅದನ್ನು ಹೇಳಲಿಲ್ಲ. ಹೇಳಿದರೆ ನಾಚಿ ಆಚೆ ಮಗ್ಗುಲಿಗೆ ಹೋಗಿಬಿಡುತ್ತಿದ್ದನೇನೋ. ಬೆಳಗಾದಾಗ ಅವಳ ಒದ್ದೆ ಬೂಟುಗಳನ್ನು ಯಾರೋ ಬೆಂಕಿಯ ಕಡೆ ತಿರುಗಿಸಿಟ್ಟು, ಒಳಗೆ ಒಣಹುಲ್ಲು ತುರುಕಿರುತ್ತಿದ್ದರು. ಹಿರಿಯರ ಗಡ್ಡದಲ್ಲಿ ಹುಲ್ಲಿನ ಎಳೆ ಸಿಕ್ಕಿಕೊಂಡಿರುತ್ತಿತ್ತು.

ತೋಳಗಳು ಮೊದಲ ದಿನದಿಂದಲೇ ಹಿಂದೆ ಬಿದ್ದಿದ್ದವು. ಕಾಣುತ್ತಿರಲಿಲ್ಲ, ಹೆಜ್ಜೆ ಮಾತ್ರ ಕಾಣುತ್ತಿದ್ದವು. ಒಂದು ಬೆಳಿಗ್ಗೆ ಅವುಗಳ ಪಕ್ಕದಲ್ಲಿ ಬೇರೆ ಹೆಜ್ಜೆಗಳೂ ಕಂಡವು. ಹಿಮದ ಮೇಲೆ ನಡೆಯಲು ಕಟ್ಟುವ ಅಗಲವಾದ ಹೆಣಿಗೆಯ ಪಾದರಕ್ಷೆಯ ಗುರುತು.

"ಮನುಷ್ಯರು," ಬರ್ಜಿಲ್ಲೈ ದನಿ ತಗ್ಗಿಸಿದ. "ನಮ್ಮನ್ನೇ ನೋಡ್ತಿದಾರೆ."

"ನೋಡ್ಲಿ. ಮುಚ್ಚಿಡುವಂಥದ್ದು ನಮ್ಮ ಹತ್ರ ಏನಿದೆ?" ಎಂದಳು ಜೆರೂಷಾ. ಆದರೆ ಅವಳ ಹೆಜ್ಜೆ ಬಂಡಿಯ ಹತ್ತಿರಕ್ಕೆ ಸರಿಯಿತು.

ಮರುದಿನ ಅವರು ಒಂದು ಊರಿಗೆ ಬಂದರು. ಊರೆಂದರೆ ಊರಲ್ಲ. ಬಾಗಿಸಿ ಕಟ್ಟಿದ ಗಳಗಳು ತೊಗಟೆಯ ಹೊದಿಕೆ ಕಳೆದುಕೊಂಡು, ಸತ್ತ ದೊಡ್ಡ ಪ್ರಾಣಿಗಳ ಪಕ್ಕೆಲುಬಿನ ಹಾಗೆ ಹಿಮದಿಂದ ಎದ್ದು ನಿಂತಿದ್ದವು. ಒಂದು ಮನೆಯ ಬಾಗಿಲ ಬಳಿ ಒನಕೆ ಒರಳಲ್ಲೇ ಇತ್ತು. ಕುಟ್ಟುತ್ತಿದ್ದವರು ಈಗಷ್ಟೇ ಎದ್ದುಹೋದಂತೆ. ಸಿಡುಬಿನ ವರ್ಷ ಇಲ್ಲಿ ಒಂದು ಮನೆಯನ್ನೂ ಬಿಟ್ಟಿರಲಿಲ್ಲ.

ಚುಕ್ಕಿ ಮೂಸಿ, ಹಿಂದೆ ಸರಿಯಿತು.

"ಇಲ್ಲಿ ಬನ್ನಿ!" ಬರ್ಜಿಲ್ಲೈ ಕೂಗಿದ. ಕಾಲಡಿಯಲ್ಲಿ ನೆಲ ಟೊಳ್ಳೆಂದು ಕೇಳಿ ಅವನು ಹಿಮ ಕೆರೆದಿದ್ದ. ತೊಗಟೆಯ ಮುಚ್ಚಳ ಎತ್ತಿದರೆ ಹಗೇವು. ಒಳಗೆ ಜಡೆ ಹೆಣೆದ ತೆನೆಗಳು ಸಾಲುಸಾಲಾಗಿ, ಬೂಷ್ಟಿನ ಸೋಂಕಿಲ್ಲದೆ, ದೀಪದಂತೆ ಹಳದಿಯಾಗಿ ಹೊಳೆದವು.

"ದೇವರು ನಮಗೋಸ್ಕರ ಇಟ್ಟ ಹಾಗಿದೆ," ಎಂದರು ಎಲ್ಕಾನಾ.

ಜೆರೂಷಾಳ ಕಣ್ಣ ಮುಂದೆ ತಣ್ಣನೆಯ ಪುಟ್ಟ ಹಣೆ ಬಂತು. ಅವಳ ಕೈಯೂ ಒಂದು ಕ್ಷಣ ಹಗೇವಿನ ಕಡೆ ಚಾಚಿತು. ಇವತ್ತೇ ತಿರುಗಿದರೆ ಎಷ್ಟು ಬೇಗ ಮನೆ! ಆಮೇಲೆ ಅವಳ ಕಣ್ಣು ಒರಳಿನಲ್ಲಿದ್ದ ಒನಕೆಯ ಮೇಲೆ ಬಿತ್ತು. ಹಿಡಿಯುವ ಕಡೆ ಒಬ್ಬ ಹೆಂಗಸಿನ ಕೈ ಸವೆಸಿದ ನುಣುಪು ಅದರಲ್ಲಿ ಇನ್ನೂ ಇತ್ತು.

"ಹಿರಿಯರೇ, ನಿಮ್ಮ ಮನೆಯವರು ತೀರಿಕೊಂಡ್ರಲ್ಲ. ಆವಾಗ ಯಾರಾದ್ರೂ ಬಂದು ಅವರ ಹಿಟ್ಟಿನ ಗಡಿಗೆಗೆ ಕೈ ಹಾಕಿದ್ರೆ ನಿಮಗೆ ಹೇಗಾಗ್ತಿತ್ತು?"

"ಸತ್ತೋರಿಗೆ ಹಸಿವಿಲ್ಲ ಕಣಕ್ಕ," ಎಂದ ಬರ್ಜಿಲ್ಲೈ. "ಬದುಕಿರೋರಿಗಿದೆ."

"ಅವರ ಕಡೆಯವರು ಬದುಕಿದಾರಲ್ಲೋ."

ಎಲ್ಕಾನಾ ಮಂಡಿಯೂರಿ, ತೊಗಟೆಯ ಮುಚ್ಚಳವನ್ನು ತಾವೇ ಮತ್ತೆ ಹೊಂದಿಸಿಟ್ಟು, ಹಿಮ ಎಳೆದರು. ಮಲಗಿದವರಿಗೆ ಹೊದಿಕೆ ಸರಿಮಾಡುವವರಂತೆ ಅಂಗೈಯಿಂದ ತಟ್ಟಿದರು. ಹಿಂದೆ ಕಾಡಿನಲ್ಲಿ ಒಂದು ಕೊಂಬೆ ಲಟಕ್ಕೆಂದಿತು. ಯಾರೂ ತಿರುಗಿ ನೋಡಲಿಲ್ಲ.

ಜೆರೂಷಾಳ ಹಳೆಯ ಗೆಳತಿ ಸೊಕನೂನಳ ಊರು ನದಿಯ ಮೂಡಣ ದಡದಲ್ಲಿತ್ತು. ಅಲ್ಲಿ ಹೊಗೆಯಿತ್ತು, ನಾಯಿಗಳಿದ್ದವು, ಮಕ್ಕಳಿದ್ದರು. ಸೊಕನೂನಳ ಮುಖದ ತುಂಬ ಸಿಡುಬಿನ ಕಲೆ. ಆ ವರ್ಷ ಅವಳ ಮನೆಗೆ ನೀರು, ಕಟ್ಟಿಗೆ ಹೊತ್ತು ತಂದಿಟ್ಟವಳು ಜೆರೂಷಾ. ಇಬ್ಬರೂ ಕೈ ಹಿಡಿದುಕೊಂಡು, ಒಬ್ಬರ ನರೆಯನ್ನು ಒಬ್ಬರು ನೋಡಿ ನಕ್ಕರು.

"ಮುದುಕಿ ಆಗಿದೀಯ," ಎಂದಳು ಸೊಕನೂನ್ ತನ್ನ ಮಾತಿನಲ್ಲಿ.

"ನೀನೇನು ಮದುವೆ ಹೆಣ್ಣಾ?"

ಅವಳ ಬೆಂಕಿಯ ಬಳಿ ಕೂತಾಗ, ಕುದಿಯುವ ಜೋಳದ ವಾಸನೆಗೆ ಬರ್ಜಿಲ್ಲೈನ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುರುಗುಟ್ಟಿತು. ಹೆಂಗಸರೆಲ್ಲ ನಕ್ಕು ಅವನ ಮುಂದೆ ಬೋಗುಣಿ ಇಟ್ಟರು. ಜೋಳಕ್ಕೆ ಬದಲು ಕೊಡಲು ಇವರು ತಂದಿದ್ದ ತಾಮ್ರದ ಹಂಡೆ, ಗುದ್ದಲಿ, ಕೆಂಪು ಉಣ್ಣೆಬಟ್ಟೆಯನ್ನು ತಟ್ಟಿ, ಎಳೆದು, ಮೂಸಿ ನೋಡಿದರು. ಸೊಕನೂನ್ ಮಾತ್ರ ಯಾವುದನ್ನೂ ಮುಟ್ಟಲಿಲ್ಲ.

"ಬರೋ ದಾರೀಲಿ ನನ್ನ ತಂಗಿ ಊರು ಸಿಕ್ತಲ್ಲ?"

"ಸಿಕ್ತು."

"ಹಗೇವು?"

"ಒಂದರ ಮುಚ್ಚಳ ತೆಗೆದ್ವಿ. ಮತ್ತೆ ಮುಚ್ಚಿದ್ವಿ."

"ಗೊತ್ತು. ನಮ್ಮ ಹುಡುಗ್ರು ಮರದ ಹಿಂದೆ ಇದ್ರು. ಕೈ ಹಾಕಿದ್ರೆ ನೀವು ಇಲ್ಲೀತನಕ ಬರ್ತಿರ್ಲಿಲ್ಲ." ಅದನ್ನು ಅವಳು ಹವಾಮಾನ ಹೇಳುವಷ್ಟು ಸಹಜವಾಗಿ ಹೇಳಿದಳು. ಜೆರೂಷಾ ಈ ಮಾತನ್ನು ಗಂಡಸರಿಗೆ ತಿಳಿಸಿದಾಗ ಬರ್ಜಿಲ್ಲೈ ಬೋಗುಣಿ ಕೆಳಗಿಟ್ಟ.

ಜಾರುಬಂಡಿ ತುಂಬಿತು. ಅದರ ಜತೆಗೆ ಸೊಕನೂನ್ ತನ್ನ ಕೈಯಾರೆ ಒಂದು ಉದ್ದನೆಯ ತೆನೆಯ ಜಡೆ ತಂದು ಜೆರೂಷಾಳ ಕೊರಳಿಗೆ ಹಾಕಿದಳು. "ಇದು ಬೀಜಕ್ಕೆ. ಬಿಡಿಸಬೇಡ, ಗಾಳಿಗೆ ತೂಗುಹಾಕು." ದಾರಿಗೆಂದು ಒಂದು ಚೀಲ ಹುರಿಹಿಟ್ಟು ಕೊಟ್ಟಳು. ಆಮೇಲೆ ಹೊರಗೆ ಕರೆದುಕೊಂಡು ಹೋಗಿ ಮುಖವನ್ನು ತೆಂಕಣಕ್ಕೆ ತಿರುಗಿಸಿ ಗಾಳಿ ತೋರಿಸಿದಳು. ಗಾಳಿ ಮೆತ್ತಗಾಗಿತ್ತು.

"ನದಿ ದನಿ ಬದಲಾಗಿದೆ. ಬೇಗ ನಿಮ್ಮೂರಿನ ಪಡುವಣ ದಡಕ್ಕೆ ದಾಟಿಕೊಳ್ಳಿ. ನಡುಗಡ್ಡೆ ಮೇಲಿಂದ ದಾಟ್ಬೋದು. ಆದ್ರೆ ಅಲ್ಲಿ ಮಲಗಬೇಡಿ. ನದಿ ಎದ್ದಾಗ ಅದರ ಹಾಸಿಗೆ ಅದು."

ಹಿಂದಿರುಗುವ ದಾರಿ ಕಷ್ಟವಾಯಿತು. ಗಡ್ಡೆಯ ಮೇಲೆ ನೀರು ಜಿನುಗಿ, ಬಂಡಿ ಕೆಸರಿನಲ್ಲಿ ಎಳೆದಂತೆ ಭಾರವಾಗಿತ್ತು. ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ಶನಿವಾರ ಇಡೀ ದಿನ ಅವರು ಅನ್ನನೀರಿಗೂ ನಿಲ್ಲದೆ ನಡೆದರು. ಮೂಡಣ ದಡ ಬಿಟ್ಟು, ನದಿಯ ಮೊದಲರ್ಧ ದಾಟಿ, ಎಲೆಯುದುರಿದ ಮೇಪಲ್ ಮರಗಳ ಉದ್ದನೆಯ ನಡುಗಡ್ಡೆಗೆ ಬಂಡಿ ಹತ್ತಿದಾಗ ಸೂರ್ಯ ಪಡುವಣ ಗುಡ್ಡದ ಹಿಂದೆ ಇಳಿದ.

ಎಲ್ಕಾನಾ ಬಾರುಕೋಲು ಎತ್ತಿದರು. "ಚುಕ್ಕಿ, ನಿಲ್ಲು."

ಹೋಲ್ಡ್‌ಫಾಸ್ಟಿನ ಜನಕ್ಕೆ ದೇವರ ವಿಶ್ರಾಂತಿಯ ದಿನವಾದ ಸಬ್ಬತ್ತು ಶುರುವಾಗುವುದು ಶನಿವಾರ ಸೂರ್ಯ ಮುಳುಗಿದ ಗಳಿಗೆಯಲ್ಲಿ. ಆಗ ಕೊಡಲಿ ಗಾಳಿಯಲ್ಲಿದ್ದರೆ ಕೆಳಗಿಳಿಸಬೇಕು. ಮರುಸಂಜೆಯವರೆಗೆ ಒಲೆ ಹಚ್ಚುವಂತಿಲ್ಲ, ಹೊರೆ ಹೊರುವಂತಿಲ್ಲ, ದಾರಿ ನಡೆಯುವಂತಿಲ್ಲ.

"ಇನ್ನರ್ಧ ನದಿ ಅಷ್ಟೇ, ಹಿರಿಯರೇ," ಜೆರೂಷಾ ಅಂದಳು. "ಒಂದು ಕೀರ್ತನೆ ಹಾಡಿ ಮುಗಿಸೋದ್ರಲ್ಲಿ ದಡ."

"ಒಂದು ಕೀರ್ತನೆಯಷ್ಟು ಹೊತ್ತಾದ್ರೂ ಅದು ದೇವರ ಹೊತ್ತು. ಸ್ವಲ್ಪ ಕದ್ರೆ ಕಳ್ಳತನ ಅಲ್ವಾ?"

"ಇಲ್ಲಿ ಮಲಗಬೇಡಿ ಅಂತ ಸೊಕನೂನ್ ಹೇಳಿದಾಳೆ."

"ಅವಳಿಗೆ ನಮ್ಮ ಆಜ್ಞೆ ಗೊತ್ತಿಲ್ಲ. ನಮಗೆ ಗೊತ್ತಿದೆ."

ಬರ್ಜಿಲ್ಲೈ ಜೆರೂಷಾಳ ಮುಖ ನೋಡಿದ. ಅವಳು ಒಂದು ಮಾತು ಹೇಳಿದ್ದರೆ ಅವನು ಬಂಡಿಯನ್ನು ತಾನೇ ಎಳೆಯುತ್ತಿದ್ದ. ಜೆರೂಷಾ ಹೇಳಲಿಲ್ಲ. ಹುಟ್ಟಿದಾಗಿನಿಂದ ಅವಳು ಒಂದು ಸಬ್ಬತ್ತನ್ನೂ ಮುರಿದವಳಲ್ಲ. ಮುರಿದರೆ ದೇವರು ಅದರ ಸೇಡನ್ನು ಆ ಕೂಸಿನ ಮೇಲೆ ತೀರಿಸಿಕೊಂಡರೆ? ಈ ಹೆದರಿಕೆ ಅವಳ ನಾಲಿಗೆ ಕಟ್ಟಿತು.

ಭಾನುವಾರ ಬೆಳಗಾದಾಗ ಬೆಚ್ಚನೆಯ ಮಳೆ ಬರುತ್ತಿತ್ತು. ಹುರಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ತಿಂದರು. ಎಲ್ಕಾನಾ ತಮ್ಮ ಪಾಲಿನ ಅರ್ಧವನ್ನು, ಯಾರೂ ನೋಡುತ್ತಿಲ್ಲವೆಂದುಕೊಂಡು, ಬರ್ಜಿಲ್ಲೈನ ಬೋಗುಣಿಗೆ ಹಾಕಿದರು. ಆಮೇಲೆ ಮರದ ಬುಡದಲ್ಲಿ ಕೂತು ಪವಿತ್ರ ಪುಸ್ತಕ ಓದತೊಡಗಿದರು. ಅವರು ಓದುತ್ತಿದ್ದಂತೆ ನದಿಯೂ ಓದಲಾರಂಭಿಸಿತು. ಮೇಲ್ಗಡೆ ದೂರದಲ್ಲೆಲ್ಲೋ ಒಂದು ದಪ್ಪ ಗೊಣಗು. ಅದು ನಿಲ್ಲುತ್ತಿರಲಿಲ್ಲ.

ಜೆರೂಷಾ ಎದ್ದು ಒಂದು ಮೇಪಲ್ ಮರದ ಬಳಿ ಹೋದಳು. ಹಿಂದಿನ ಸಂಜೆಯ ಮಬ್ಬಿನಲ್ಲಿ ಕಾಣದಿದ್ದದ್ದು ಈಗ ಕಂಡಿತು. ಕಾಂಡದ ಮೇಲೆ, ನದಿ ಹರಿದುಬರುವ ಕಡೆಯ ಮಗ್ಗುಲಲ್ಲಿ ತೊಗಟೆ ಇರಲಿಲ್ಲ. ಯಾರೋ ಉಳಿಯಿಂದ ಸುಲಿದಂತೆ ಬೋಳು ಗಾಯ. ಪಕ್ಕದ ಮರದಲ್ಲೂ ಅದೇ. ಎಲ್ಲ ಮರಗಳಲ್ಲೂ ಅದೇ ಕಡೆ, ಅದೇ ಎತ್ತರ.

"ಬರ್ಜಿಲ್ಲೈ, ಇಲ್ಲಿ ಕೈ ಎತ್ತು."

ಅವನು ಕೈ ನೀಡಿದ. ಗಾಯದ ಮೇಲಂಚು ಅವನ ಬೆರಳ ತುದಿಗೂ ಸಿಗಲಿಲ್ಲ.

"ಏನಕ್ಕ ಇದು? ಕರಡಿ ಕೆರೆದಿದ್ದಾ?"

"ಹಿಮಗಡ್ಡೆ. ನದಿ ಎದ್ದಾಗ ಗಡ್ಡೆ ಇಷ್ಟೆತ್ತರಕ್ಕೆ ಬರುತ್ತೆ."

ಇಬ್ಬರೂ ದಂಡೆಗೆ ಓಡಿ ನೋಡಿದರು. ನೀರು ಏರಿ ಗಡ್ಡೆಯನ್ನು ಮೇಲಕ್ಕೆತ್ತಿತ್ತು. ನಡುಗಡ್ಡೆಗೂ ಹಿಮಗಡ್ಡೆಗೂ ನಡುವೆ ಒಂದು ಕರಿಯ ಸೀಳು ಬಾಯ್ಬಿಟ್ಟು, ಅಗಲವಾಗುತ್ತಿತ್ತು.

"ಹಿರಿಯರೇ, ಈಗಲೇ ಹೊರಡಬೇಕು."

"ಸಂಜೆವರೆಗೆ ಕಾಯೋಣ, ಅಮ್ಮ. ಕಾಪಾಡೋನು ಅವನು."

"ಹಳ್ಳಕ್ಕೆ ಬಿದ್ದ ಕುರೀನ ಸಬ್ಬತ್ತಿನ ದಿನ ಎತ್ತಲ್ವಾ ನೀವು?"

"ಎತ್ತುತೀನಿ. ಕುರಿ ಇನ್ನೂ ಬಿದ್ದಿಲ್ಲವಲ್ಲ."

"ಬೀಳೋದನ್ನ ನೋಡ್ತಾ ಕೂತ್ಕೋಬೇಕಾ? ಇದು ನಮ್ಮ ಮೂರು ಜನದ ಮಾತಲ್ಲ. ಆ ಬಂಡೀಲಿ ಊರೇ ಇದೆ. ನನ್ನ ಕೂಸಿದೆ." ಜೆರೂಷಾ ಎತ್ತಿನ ಕಡೆ ತಿರುಗಿದಳು. "ಪಾಪ ಆದ್ರೆ ನನಗಾಗ್ಲಿ."

ಅವಳೇ ಹೋಗಿ ನೊಗ ಎತ್ತಿ ಚುಕ್ಕಿಯ ಕೊರಳಿಗೆ ಇಟ್ಟಳು. ಬಂಡಿಗೆ ಕಟ್ಟುವ ತೊಗಲಿನ ಮಿಣಿ ಬಿಗಿದಳು. ಬರ್ಜಿಲ್ಲೈನ ಕೊಡಲಿಯ ಸದ್ದು ಸಬ್ಬತ್ತಿನ ಮೌನದಲ್ಲಿ ಬಂದೂಕಿನಂತೆ ಕೇಳಿಸಿತು. ಎಳೆಯ ಮರಗಳನ್ನು ಕಡಿದು, ಗಳಗಳನ್ನು ಸೀಳಿಗೆ ಅಡ್ಡ ಹಾಸಿದ. ಸೇತುವೆ ಸಿದ್ಧವಾಯಿತು.

ಚುಕ್ಕಿ ಕದಲಲಿಲ್ಲ.

ಬರ್ಜಿಲ್ಲೈ ತಳ್ಳಿದ, ಬೈದ, ಬಾಲ ತಿರುಚಿದ. ಕಲ್ಲಿಗೆ ಹೇಳಿದಂತಾಯಿತು.

ಜೆರೂಷಾ ಎಲ್ಕಾನಾ ಕೂತಲ್ಲಿಗೆ ಹೋದಳು. ಬೇಡಿಕೊಳ್ಳಲಿಲ್ಲ. ಅವರ ಒದ್ದೆ ಕೈಗವುಸುಗಳನ್ನು ಬೆಳಗಿನಿಂದ ತನ್ನ ಮೈಗೆ ಅವಚಿ ಆರಿಸಿದ್ದಳು. ಅವನ್ನು ಅವರ ಮಂಡಿಯ ಮೇಲಿಟ್ಟಳು. "ಕೈ ಬೆಚ್ಚಗಿಟ್ಕೊಳ್ಳಿ. ಚುಕ್ಕಿ ಬರದಿದ್ರೆ ಬೇಡ. ನಾವೇ ಆದಷ್ಟು ಎಳೀತೀವಿ."

ಬಂಡಿಯ ಮುಂದೆ ಹಗ್ಗ ಹೆಗಲಿಗೇರಿಸಿಕೊಂಡು ಇಬ್ಬರೂ ಜಗ್ಗಿದರು. ಬಂಡಿ ಒಂದು ಗೇಣು ಸರಿದು ನಿಂತಿತು. ಆಗ ಚುಕ್ಕಿ ಕತ್ತು ಹೊರಳಿಸಿ, ಮರದ ಬುಡದ ಕಡೆ ನೋಡಿ, ಕರುವಿನಂತೆ ಅಂಬಾ ಎಂದಿತು.

ಎಲ್ಕಾನಾ ಪುಸ್ತಕ ಮುಚ್ಚಿದರು. ಅವರ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ, ತಮ್ಮೊಡನೆಯೇ ಜಗಳವೋ, ತಿಳಿಯಲಿಲ್ಲ. ಕೈಗವುಸು ತೊಟ್ಟು ಎದ್ದು ಬಂದು, ಎತ್ತಿನ ಮುಂದೆ ನಿಂತರು.

"ಚುಕ್ಕಿ," ಎಂದರು ಮೆತ್ತಗೆ. "ನಡಿ."

ಗಳಗಳು ನರಳಿದವು. ಬಂಡಿ ದಾಟಿತು.

ಗಡ್ಡೆ ಕಾಲಡಿಯಲ್ಲಿ ಉಸಿರಾಡುತ್ತಿತ್ತು. ಹೆಜ್ಜೆ ಇಟ್ಟರೆ ತಗ್ಗುತ್ತಿತ್ತು, ಎತ್ತಿದರೆ ಏಳುತ್ತಿತ್ತು.

"ದೂರ ದೂರ ನಡೀರಿ! ಒಂದೇ ಕಡೆ ಭಾರ ಹಾಕ್ಬೇಡಿ!" ಬರ್ಜಿಲ್ಲೈ ಕೂಗಿದ.

ದಡ ಹತ್ತಿರವಾಯಿತು. ಜೊಂಡು ಕಂಡಿತು.

ಆಗ ಗಡ್ಡೆ ಬಿರಿಯಿತು.

ಚುಕ್ಕಿಯ ಹಿಂಗಾಲು ಹೋದವು. ಆಮೇಲೆ ಹೊಟ್ಟೆ. ಮುಂಗಾಲು ಗಡ್ಡೆಯಂಚನ್ನು ಕೆರೆಯುತ್ತಿದ್ದವು. ಮಿಣಿ ಬಿಗಿದು, ಬಂಡಿ ಸದ್ದಿಲ್ಲದೆ ಆ ಕರಿಯ ಬಾಯಿಯ ಕಡೆ ಜಾರತೊಡಗಿತು.

ಬರ್ಜಿಲ್ಲೈ ಅಂಗಾತ ಬಿದ್ದು ಹಿಮ್ಮಡಿ ಊರಿ ಬಂಡಿ ಹಿಡಿದ. ಜೆರೂಷಾ ಅವನ ಮೇಲೆಯೇ ಬಿದ್ದು ಹಿಡಿದಳು. ಇಬ್ಬರನ್ನೂ ಎಳೆದುಕೊಂಡು ಬಂಡಿ ಜಾರಿತು.

"ಆಗ್ತಿಲ್ಲ! ಹಿರಿಯರೇ, ಆಗ್ತಿಲ್ಲ!" ಬರ್ಜಿಲ್ಲೈ ಚೀರಿದ.

ಎಲ್ಕಾನಾ ಎತ್ತಿನ ಕೊಂಬು ಹಿಡಿದಿದ್ದರು. ಒಮ್ಮೆ ಬಂಡಿ ನೋಡಿದರು. ಕೊಂಬು ಬಿಟ್ಟು, ಬಂಡಿಯ ಮೇಲಿದ್ದ ಕೊಡಲಿ ಎಳೆದುಕೊಂಡರು. ಒಂದು ಏಟಿಗೆ ಎಡಗಡೆಯ ಮಿಣಿ ಹರಿಯಿತು. ಬಲಗಡೆಯದಕ್ಕೆ ಮುಂಚೆ ಅವರು ಮಂಡಿಯೂರಿ, ಗವುಸು ಕಳಚಿ, ಬರಿಗೈಯನ್ನು ಆ ಬಿಳಿ ಚುಕ್ಕೆಯ ಮೇಲಿಟ್ಟರು.

"ಚುಕ್ಕಿ," ಎಂದರು, ಅದೇ ಮೆತ್ತನೆಯ ದನಿಯಲ್ಲಿ. "ಹೋಗು."

ಕೊಡಲಿ ಬಿತ್ತು. ಬಂಡಿ ನಿಂತಿತು. ನೀರು ಒಮ್ಮೆ ಸುತ್ತಿ ಮುಚ್ಚಿಕೊಂಡಿತು.

ಮೂವರೂ ಹಗ್ಗ ಹಿಡಿದು ಎಳೆದರು. ಹೆಗಲು ಸುಲಿಯಿತು. ಜೊಂಡು ಹಿಡಿದು, ದಡ ಹತ್ತಿ, ಬಂಡಿಯನ್ನು ಮರಗಳ ನಡುವೆ ಎಳೆದು ಬಿದ್ದುಕೊಂಡಾಗ ಮೇಲ್ಗಡೆಯ ಗೊಣಗು ಗರ್ಜನೆಯಾಯಿತು. ನದಿ ಎದ್ದಿತು. ಮನೆಯಷ್ಟೆತ್ತರದ ಗಡ್ಡೆಗಳು ಒಂದರ ಮೇಲೊಂದು ಹತ್ತಿ ಬಂದು ನಡುಗಡ್ಡೆಯ ಮೇಲೆ ಹಾದವು. ಮೇಪಲ್ ಮರಗಳು ಕಡ್ಡಿಗಳಂತೆ ಮುರಿದವು. ಎಲ್ಕಾನಾ ಕೂತು ಓದುತ್ತಿದ್ದ ಮರ ಯಾವುದೆಂದು ಹುಡುಕಲು ಅಲ್ಲಿ ಮರವೇ ಉಳಿಯಲಿಲ್ಲ.

ಸೂರ್ಯ ಆಗಿನ್ನೂ ಮುಳುಗಿರಲಿಲ್ಲ.

ಮರುದಿನವೆಲ್ಲ ಕೈಯಲ್ಲೇ ಎಳೆದರು. ಎಲ್ಕಾನಾ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬಾರುಕೋಲು ಹಿಡಿದೇ ನಡೆದರು. "ಅದನ್ನ ಬಂಡಿ ಮೇಲಿಡಿ, ಭಾರ ಯಾಕೆ?" ಎಂದು ಬರ್ಜಿಲ್ಲೈ ಕೇಳಲಿಲ್ಲ. ಆ ದಿನ ಅವನು ಗಾಳಿ ಬೀಸುವ ಮಗ್ಗುಲಲ್ಲಿ, ಹಿರಿಯರ ಪಕ್ಕ ನಡೆದ.

ಹೋಲ್ಡ್‌ಫಾಸ್ಟಿನಲ್ಲಿ ಜನ ಓಡಿಬಂದರು. ಜೆರೂಷಾ ಯಾರಿಗೂ ನಿಲ್ಲದೆ ಮಗಳ ಮನೆಗೆ ಹೋದಳು. ಮೆಹಿಟಬೆಲ್ ತಲೆಯೆತ್ತಿದಳು. ಕೂಸಿನ ಎದೆ ಇನ್ನೂ ಏರಿಳಿಯುತ್ತಿತ್ತು. ಬೂಟು ಕಳಚುವುದಕ್ಕೂ ಮುಂಚೆ ಜೆರೂಷಾ ಒಲೆಯ ಮೇಲೆ ಅಂಬಲಿ ಇಟ್ಟಳು.

ಸಬ್ಬತ್ತು ಮುರಿದ ವಿಷಯವನ್ನು ಅವಳು ತಾನೇ ಸಭಾಮನೆಯ ಬೋಧಕರಿಗೆ ಹೇಳಿದಳು. ತಪ್ಪು ಮಾಡಿದವರು ಸಭೆಯೆದುರು ನಿಂತು ಒಪ್ಪಿಕೊಳ್ಳಬೇಕು. ಪಶ್ಚಾತ್ತಾಪಪಡದವರಿಗೆ, ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದೇವರ ಮೇಜಿನಲ್ಲಿ ಜಾಗವಿಲ್ಲ. ಹೆಂಗಸಾದರೆ ನಿಲ್ಲುವುದಷ್ಟೆ, ಅವಳ ಮಾತನ್ನು ಹಿರಿಯರು ಆಡಬೇಕು. ಶನಿವಾರ ಅವಳು ಎಲ್ಕಾನಾರ ಬಳಿ ಹೋದಳು. ಕೊಟ್ಟಿಗೆ ಗುಡಿಸಿ ಚೊಕ್ಕಟವಾಗಿತ್ತು.

"ನೊಗ ಹೂಡಿದ್ದು ನಾನು ಅಂತ ಹೇಳಿ. ಪಶ್ಚಾತ್ತಾಪ ಪಟ್ಟಳು ಅಂತ ಮಾತ್ರ ಹೇಳ್ಬೇಡಿ. ಸುಳ್ಳಾಗುತ್ತೆ."

"ಮೇಜಿನಿಂದ ದೂರ ಇಟ್ರೆ?"

"ಇಟ್ರೆ ಬಾಗಿಲಾಚೆ ನಿಂತು ಕೆಮ್ತೀನಿ."

ಅವರ ಕಣ್ಣಿನ ಮೂಲೆ ಒಂದಿಷ್ಟು ಅರಳಿ, ಮತ್ತೆ ಕೊಟ್ಟಿಗೆಯ ಕಡೆ ಹೊರಳಿತು.

ಮರುದಿನ ಸಭಾಮನೆ ತುಂಬಿತ್ತು. ಜೆರೂಷಾ ಎಲ್ಲರೆದುರು ನಿಂತಳು. ಎಲ್ಕಾನಾ ಹಿರಿಯರ ಬೆಂಚಿನಿಂದ ಎದ್ದರು. ಪೀಠದ ಬಳಿ ನಿಲ್ಲಬೇಕಾದವರು, ನಡೆದು ಬಂದು ಅವಳ ಪಕ್ಕದಲ್ಲಿ ನಿಂತರು. ಹ್ಯಾಟು ತೆಗೆದರು.

"ಈ ಅಕ್ಕ ಹೋದ ಭಾನುವಾರ ನೊಗ ಹೂಡಿದ್ರು. ಅದನ್ನ ಹೇಳೋಕೆ ನನಗೆ ಹೇಳಿದಾರೆ, ಹೇಳಿದೆ. ಇನ್ನು ನಂದು. ನನ್ನ ತಪ್ಪು ಭಾನುವಾರದ್ದಲ್ಲ, ಶನಿವಾರದ್ದು. ಅರ್ಧ ನದಿ ಉಳಿದಿತ್ತು. ನಿಲ್ಲಿಸಿದೆ. ದೇವರ ಮೇಲಿನ ಭಕ್ತಿ ಅಂದ್ಕೊಂಡೆ. ನನ್ನ ಹಟ ಅದು." ಅವರು ಹ್ಯಾಟನ್ನು ಕೈಯಲ್ಲಿ ತಿರುಗಿಸಿದರು. "ದೇವರು ವಿಶ್ರಾಂತಿ ಅಂತ ಕೊಟ್ಟದ್ದು ಕೂತು ಸಾಯೋಕಲ್ಲ. ಇದು ನನಗೆ ಎತ್ತು ಹೋದ ಮೇಲೆ ತಿಳೀತು. ಇವರಿಗೆ ಮೊದಲೇ ತಿಳಿದಿತ್ತು. ಹೊರಗೆ ಕೂರಿಸೋದಾದ್ರೆ ಇಬ್ಬರನ್ನೂ ಕೂರಿಸಿ."

ಬಾಗಿಲ ಬಳಿ, ಸಭೆಗೆ ಸೇರದವರ ಜಾಗದಲ್ಲಿ, ಬರ್ಜಿಲ್ಲೈ ಎದ್ದು ನಿಂತಿದ್ದ. ಬೋಧಕರು ಬಾಯಿ ತೆರೆದರು.

ಆಗ ಹೆಂಗಸರ ಬೆಂಚಿನಿಂದ ಕೂಸು ಅತ್ತಿತು.

ಸಣ್ಣ ಅಳುವಲ್ಲ. ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು, ಹಸಿವಾದ ಗಟ್ಟಿ ಮಗು ಅಳುವ ಹಾಗೆ ಸಭಾಮನೆಯ ತೊಲೆಗಳು ಕೇಳುವಂತೆ ಅತ್ತಿತು. ಮೆಹಿಟಬೆಲ್ ಗಾಬರಿಯಾಗಿ ಅದರ ಬಾಯಿಗೆ ಶಾಲು ಹಿಡಿಯಹೋದಳು. ಪಿಮ್ ನರಿಬಾಲದ ಕೋಲು ಹಿಡಿದು ಆ ಬೆಂಚಿನ ಬಳಿಗೆ ನಡೆದ.

ಬೋಧಕರು ಕಾದರು. ಎಲ್ಕಾನಾ, ಜೆರೂಷಾ ಅಕ್ಕಪಕ್ಕದಲ್ಲಿ ನಿಂತೇ ಇದ್ದರು.

ಪಿಮ್ ಕೋಲನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಬಗ್ಗಿ, ಶಾಲನ್ನು ಮೆಲ್ಲಗೆ ಸರಿಸಿದ. "ಬಿಡಮ್ಮ," ಎಂದ. "ಅಳ್ಲಿ."